ಹೆಸರಿಗೆ ಎಷ್ಟು ಸ್ಥಳ ಬೇಕು?

ಕೆಲವು ವರ್ಷಗಳ ಹಿಂದೆ ಔರಾದ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದು ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಎರಡು ಕಾಗದಗಳನ್ನು ಹಿಡಿದು ನನ್ನ ಬಳಿಗೆ ಬಂದಳು. ಒಂದು ಅವಳ ಶಾಲೆಯವರು ಕೊಟ್ಟ ವರ್ಗಾವಣೆ ಪತ್ರ. ಇನ್ನೊಂದು ಅವಳು ಕಾಲೇಜಿನಲ್ಲಿ ಓದುತ್ತಿರುವಳೆಂದು ತಿಳಿಸುವ ವ್ಯಾಸಂಗ ಪ್ರಮಾಣಪತ್ರ. "ಸರ್, ನಮ್ಮಪ್ಪನ ಹೆಸರು ಅರ್ಧಾನೇ ಬಂದದ ರೀ" ಎಂದಳು.

ನೋಡಿದೆ. ಅವಳ ಹೆಸರನ್ನು ಭಾಗ್ಯಶ್ರೀ ಮಲ್ಲಿಕಾರ್ಜುನ ಎಂದಿಟ್ಟುಕೊಳ್ಳೋಣ; ನಿಜವಾದ ಹೆಸರು ಬೇರೆ, ಉದ್ದ ಮಾತ್ರ ಅಷ್ಟೇ. ವರ್ಗಾವಣೆ ಪತ್ರದಲ್ಲಿ ಹೆಸರು ಪೂರ್ತಿಯಾಗಿತ್ತು. ಪ್ರಮಾಣಪತ್ರದಲ್ಲಿ 'ಭಾಗ್ಯಶ್ರೀ ಮಲ್ಲಿಕಾರ್ಜ' ಎಂದು ಮುದ್ರಿತವಾಗಿತ್ತು. ಎರಡು ಪತ್ರಗಳಲ್ಲಿ ಹೆಸರು ಹೊಂದುವುದಿಲ್ಲವೆಂಬ ಕಾರಣದಿಂದ ಅವಳ ವಿದ್ಯಾರ್ಥಿವೇತನದ ಅರ್ಜಿಯು ಹಿಂದಿರುಗಿ ಬಂದಿತ್ತು.

ಆ ಪ್ರಮಾಣಪತ್ರವು ಮುದ್ರಿತವಾದುದು ಗಣಕಯಂತ್ರದಲ್ಲಿದ್ದ ಒಂದು ಪಟ್ಟಿಯಿಂದ. ಆ ಪಟ್ಟಿಯನ್ನು ಸಿದ್ಧಪಡಿಸಿದವನು ನಾನೇ. ಹೆಸರಿನ ಅಂಕಣಕ್ಕೆ 20 ಎಂಬ ಅಳತೆಯನ್ನು ಕೊಟ್ಟವನೂ ನಾನೇ. ಹುಡುಗಿಯ ಹೆಸರನ್ನು ಬೆರಳು ಮಡಿಸಿ ಎಣಿಸಿದರೆ ಬರುವುದು ಎಂಟೇ ಅಕ್ಷರ. ಎಂಟು ಅಕ್ಷರದ ಹೆಸರಿಗೆ ಇಪ್ಪತ್ತು ಸ್ಥಾನಗಳು ಸಾಲದೆ ಹೋದುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ಅಂಕಣಗಳ ಬಗೆ ಮತ್ತು ಅಳತೆಗಳನ್ನು ಆರಿಸುವ ವಿದ್ಯೆಯ ಬಹುಭಾಗವು ನಮಗೆ ತಿಳಿದುಬರುವುದು.

ಇದು ಬರಿಯ ಕುತೂಹಲದ ವಿಷಯವಲ್ಲ. ನಮ್ಮ ಭಾಗದ ವಿದ್ಯಾರ್ಥಿಯೊಬ್ಬನು ಆಧಾರ್ ಚೀಟಿ, ಆದಾಯದ ಪ್ರಮಾಣಪತ್ರ, ಸಂವಿಧಾನದ 371(ಜೆ) ವಿಧಿಯ ಮೇರೆಗೆ ಪಡೆಯುವ ಸ್ಥಳೀಯ ಅಭ್ಯರ್ಥಿಯ ಪ್ರಮಾಣಪತ್ರ, ಬ್ಯಾಂಕಿನ ಪುಸ್ತಕ ಮೊದಲಾದ ಹಲವು ಕಾಗದಗಳನ್ನು ಒಟ್ಟಿಗೆ ಒದಗಿಸಬೇಕಾಗುತ್ತದೆ. ಎಲ್ಲದರಲ್ಲಿಯೂ ಹೆಸರು ಒಂದೇ ಆಗಿರಬೇಕು. ಒಂದು ಪಟ್ಟಿಯಲ್ಲಿ ಬಿದ್ದುಹೋದ ಒಂದು ಅಕ್ಷರವು ಒಂದು ವರ್ಷದ ಓದಿಗೆ ಅಡ್ಡಿಯಾಗಬಲ್ಲುದು.

ಅಂಕಣವೆಂದರೇನು?

ಹಾಜರಿ ಪುಸ್ತಕವನ್ನು ಎಲ್ಲರೂ ನೋಡಿರುವಿರಿ. ಪುಟದ ಮೇಲೆ ಗೆರೆ ಎಳೆದು ಕ್ರಮಸಂಖ್ಯೆ, ಹೆಸರು, ಊರು ಎಂದು ಭಾಗ ಮಾಡಿರುತ್ತಾರೆ. ದತ್ತಸಂಚಯವೂ, ಅಂದರೆ ನಾವು ಡೇಟಾಬೇಸ್ ಎಂದು ಕರೆಯುವುದೂ, ಇಂತಹ ಪುಟಗಳ ಸಮೂಹವೇ. ಅದರ ಒಂದೊಂದು ಪುಟವೂ ಒಂದು ಕೋಷ್ಟಕ. ಅಡ್ಡಸಾಲು ಒಬ್ಬ ವ್ಯಕ್ತಿಯ ಅಥವಾ ಒಂದು ವಸ್ತುವಿನ ದಾಖಲೆ. ಉದ್ದಸಾಲು ಅಂಕಣ, ಇದನ್ನೇ ಫೀಲ್ಡ್ ಎನ್ನುವರು.

ಕಾಗದದ ಪುಸ್ತಕಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಕಾಗದದ ಮೇಲೆ ಸ್ಥಳ ಸಾಲದಿದ್ದರೆ ಗುಮಾಸ್ತನು ಅಕ್ಷರಗಳನ್ನು ಒತ್ತಾಗಿ ಬರೆದಾನು, ಇಲ್ಲವೆ ಗೆರೆ ದಾಟಿ ಬರೆದಾನು. ಗಣಕವು ಹಾಗೆ ಮಾಡದು. ಪ್ರತಿಯೊಂದು ಅಂಕಣದಲ್ಲಿ ಯಾವ ಬಗೆಯ ದತ್ತಾಂಶ ಬರುವುದು, ಹೆಚ್ಚೆಂದರೆ ಎಷ್ಟು ಉದ್ದ ಬರುವುದು ಎಂಬುದನ್ನು ಅದಕ್ಕೆ ಮೊದಲೇ ತಿಳಿಸಬೇಕು. ತಿಳಿಸಿದ ಮೇಲೆ ಅದು ಗೆರೆಯನ್ನು ಎಂದೂ ದಾಟುವುದಿಲ್ಲ.

ಈ ಕಟ್ಟುನಿಟ್ಟಿಗೆ ಒಂದು ಇತಿಹಾಸವಿದೆ. 1890ರ ಅಮೆರಿಕದ ಜನಗಣತಿಯಲ್ಲಿ ಹರ್ಮನ್ ಹಾಲರಿತ್ ಎಂಬಾತನು ರಂಧ್ರ ಕೊರೆದ ರಟ್ಟಿನ ಕಾರ್ಡುಗಳನ್ನು ಬಳಸಿದನು. 1928ರಲ್ಲಿ ಐಬಿಎಂ ಸಂಸ್ಥೆಯು 80 ಕಂಬಗಳ ಕಾರ್ಡನ್ನು ಹೊರತಂದಿತು. ಎಂಬತ್ತು ಕಂಬಗಳಲ್ಲಿಯೇ ಒಬ್ಬನ ಹೆಸರು, ವಯಸ್ಸು, ಊರು ಎಲ್ಲವೂ ಅಡಗಬೇಕಾಗಿದ್ದುದರಿಂದ ಒಂದೊಂದು ಕಂಬಕ್ಕೂ ಬೆಲೆಯಿತ್ತು. 1980ರ ದಶಕದಲ್ಲಿ ಪ್ರಸಿದ್ಧವಾಗಿದ್ದ ಡಿಬೇಸ್ ಎಂಬ ದತ್ತಸಂಚಯದಲ್ಲಿಯೂ ಪಠ್ಯದ ಅಂಕಣವು ಸ್ಥಿರವಾದ ಅಗಲವುಳ್ಳದ್ದು; ಹೆಸರು ಚಿಕ್ಕದಾದರೆ ಉಳಿದ ಸ್ಥಳವನ್ನು ಖಾಲಿ ಗುರುತುಗಳಿಂದ ತುಂಬಲಾಗುತ್ತಿತ್ತು. ಜಿಪುಣತನವೇ ಆಗ ಜಾಣತನವಾಗಿತ್ತು. ವರ್ಷವನ್ನು ಸೂಚಿಸಲು 1965 ಎಂದು ಬರೆಯದೆ 65 ಎಂದು ಬರೆದು ಎರಡು ಸ್ಥಾನಗಳನ್ನು ಉಳಿಸಿದ ಅಭ್ಯಾಸವೇ 2000ನೆಯ ವರ್ಷವು ಹತ್ತಿರವಾದಂತೆ ಜಗತ್ತಿನ ಗಣಕಗಳಿಗೆಲ್ಲ ದೊಡ್ಡ ಚಿಂತೆಯನ್ನು ತಂದಿತು. ಉಳಿಸಿದ್ದು ಎರಡು ಅಂಕಿ. ತಿದ್ದಲು ಬೇಕಾದುದು ವರ್ಷಗಳ ದುಡಿಮೆ.

ಅಂಕಿ ಇದ್ದ ಮಾತ್ರಕ್ಕೆ ಸಂಖ್ಯೆಯಲ್ಲ

ಅಂಕಣಕ್ಕೆ ಮೊದಲು ಗೊತ್ತುಮಾಡಬೇಕಾದುದು ಅದರ ಬಗೆ. ಪಠ್ಯ, ಸಂಖ್ಯೆ, ದಿನಾಂಕ, ಹೌದು-ಅಲ್ಲ ಎಂದು ಬಗೆಗಳು ಹಲವು. ಇವುಗಳಲ್ಲಿ ಹೊಸಬರು ಹೆಚ್ಚಾಗಿ ತಪ್ಪುವುದು ಪಠ್ಯಕ್ಕೂ ಸಂಖ್ಯೆಗೂ ನಡುವೆ.

ಬೀದರದ ಪಿನ್ ಕೋಡ್ 585401. ಭಾಲ್ಕಿಯದು 585328. ಇವೆಲ್ಲ ಅಂಕಿಗಳೇ. ಆದ ಕಾರಣ ಇವನ್ನು ಸಂಖ್ಯೆಯ ಅಂಕಣದಲ್ಲಿಡಬೇಕೆಂದು ತೋರುವುದು ಸಹಜ. ಆದರೆ ಭೌತಶಾಸ್ತ್ರದ ವಿದ್ಯಾರ್ಥಿಯು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಇದಕ್ಕೆ ಏಕಮಾನವುಂಟೋ? ಪುಸ್ತಕದ ಬೆಲೆಗೆ ರೂಪಾಯಿ ಎಂಬ ಏಕಮಾನವುಂಟು. ಎತ್ತರಕ್ಕೆ ಸೆಂಟಿಮೀಟರ್ ಉಂಟು. ಅವನ್ನು ಕೂಡಬಹುದು, ಸರಾಸರಿ ತೆಗೆಯಬಹುದು. ಬೀದರದ ಪಿನ್ ಕೋಡಿಗೆ ಭಾಲ್ಕಿಯದನ್ನು ಕೂಡಿದರೆ ಬರುವ ಮೊತ್ತಕ್ಕೆ ಯಾವ ಅರ್ಥವೂ ಇಲ್ಲ. ಅದು ಪರಿಮಾಣವಲ್ಲ, ಅಂಕಿಗಳಲ್ಲಿ ಬರೆದ ಹೆಸರು. ಹೆಸರನ್ನು ಪಠ್ಯವಾಗಿಯೇ ಇಡಬೇಕು.

ಇದನ್ನು ಮರೆತರೆ ಆಗುವ ಹಾನಿಯೇನು? ಬೀದರದ ದೂರವಾಣಿ ಸಂಕೇತ 08482, ಭಾಲ್ಕಿಯದು 08484, ಔರಾದದ್ದು 08485. ಸಂಖ್ಯೆಯಾಗಿ ಬರೆದರೆ ಮುಂದಿನ ಸೊನ್ನೆಗೆ ಬೆಲೆಯಿಲ್ಲವೆಂದು ಗಣಕವು ಅದನ್ನು ಬಿಟ್ಟುಬಿಡುವುದು, ಉಳಿಯುವುದು 8482. ಮೊಬೈಲ್ ಸಂಖ್ಯೆಯದು ಬೇರೆಯೇ ಕಥೆ. ಮೈಕ್ರೋಸಾಫ್ಟ್ ಆಕ್ಸೆಸ್ಸಿನಲ್ಲಿ ಸಂಖ್ಯೆಯ ಅಂಕಣವು ಸಾಮಾನ್ಯವಾಗಿ 'ಲಾಂಗ್ ಇಂಟೀಜರ್' ಆಗಿರುತ್ತದೆ. ಅದರ ಗರಿಷ್ಠ ಬೆಲೆ 2,14,74,83,647. ನಮ್ಮ ದೇಶದ ಹತ್ತು ಅಂಕಿಗಳ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಆರಂಭವಾಗುವುವು. ಅವುಗಳಲ್ಲಿ ಒಂದೂ ಅದರೊಳಗೆ ಹಿಡಿಸದು. ಹತ್ತು ಸ್ಥಾನಗಳ ಹಳೆಯ ಐಎಸ್‌ಬಿಎನ್ ಇರುವ ಪುಸ್ತಕಗಳಲ್ಲಿ ಕೆಲವಕ್ಕೆ ಕೊನೆಯ ಸ್ಥಾನದಲ್ಲಿ ಎಕ್ಸ್ ಎಂಬ ರೋಮನ್ ಅಕ್ಷರವೇ ಇರುತ್ತದೆ. ಸಂಖ್ಯೆಯ ಅಂಕಣವು ಅದನ್ನು ಒಪ್ಪುವುದೇ ಇಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಅಂಕಗಳನ್ನೋ ಬೆಲೆಯನ್ನೋ ಪಠ್ಯವಾಗಿಟ್ಟರೆ ಕ್ರಮದಲ್ಲಿ ಜೋಡಿಸುವಾಗ 1, 10, 11, 2 ಎಂದು ಬರುವುದು. ನಿಘಂಟಿನಲ್ಲಿ ಪದಗಳನ್ನು ಜೋಡಿಸುವಂತೆ ಯಂತ್ರವು ಮೊದಲ ಗುರುತನ್ನು ಮೊದಲು ಹೋಲಿಸುವುದೇ ಇದಕ್ಕೆ ಕಾರಣ. ಹುಟ್ಟಿದ ದಿನವನ್ನು ಪಠ್ಯವಾಗಿಟ್ಟರೆ ಹದಿನೆಂಟು ತುಂಬಿದವರು ಯಾರೆಂದು ಕೇಳಲಾಗದು. ಆದುದರಿಂದ ನಿಯಮ ಇಷ್ಟು: ಲೆಕ್ಕಕ್ಕೆ ಬರುವುದು ಸಂಖ್ಯೆ, ಕಾಲಗಣನೆಗೆ ಬರುವುದು ದಿನಾಂಕ, ಗುರುತಿಸುವುದಕ್ಕೆ ಮಾತ್ರ ಬರುವುದು, ಅಂಕಿಯೇ ಆಗಿದ್ದರೂ, ಪಠ್ಯ.

ಯಂತ್ರವು ಎಣಿಸುವುದು ಯಾವುದನ್ನು?

ಬಗೆಯು ಪಠ್ಯವೆಂದು ತೀರ್ಮಾನವಾಯಿತು. ಇನ್ನು ಅಳತೆ. ಇಲ್ಲಿಯೇ ನಾನು ಎಡವಿದುದು.

ನಾವು ಅಕ್ಷರವೆನ್ನುವುದು ಕಣ್ಣಿಗೆ ಒಂದಾಗಿ ಕಾಣುವ, ಬಾಯಿಗೆ ಒಂದಾಗಿ ಬರುವ ಘಟಕವನ್ನು. 'ಶ್ರೀ' ನಮಗೆ ಒಂದು ಅಕ್ಷರ. ಗಣಕಕ್ಕೆ ಹಾಗಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಗುರುತಿಗೆ ಒಂದೊಂದು ಸಂಕೇತಸಂಖ್ಯೆಯನ್ನು ಕೊಟ್ಟಿರುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿಯನ್ನು ಮೀಸಲಿಡಲಾಗಿದೆ. ಅದರಲ್ಲಿ ವ್ಯಂಜನಗಳಿಗೆ ಒಂದೊಂದು ಸಂಕೇತ, ಸ್ವರಗಳಿಗೆ ಒಂದೊಂದು, ಗುಣಿತದ ಚಿಹ್ನೆಗಳಿಗೆ ಒಂದೊಂದು, ವ್ಯಂಜನದ ಅಕಾರವನ್ನು ಅಳಿಸುವ ಹಲಂತ ಚಿಹ್ನೆಗೆ ಒಂದು. ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತವಿಲ್ಲ. ವ್ಯಂಜನ, ಹಲಂತ, ಮತ್ತೆ ವ್ಯಂಜನ ಎಂದು ಅವನ್ನು ಕಟ್ಟಬೇಕು. ಹೀಗಾಗಿ 'ಶ್ರೀ' ಎಂಬುದರಲ್ಲಿ ಶಕಾರ, ಹಲಂತ, ರಕಾರ, ಈತ್ವ ಎಂದು ನಾಲ್ಕು ಸಂಕೇತಗಳು.

ನಮ್ಮ ಮೂರು ಊರುಗಳನ್ನೇ ತೆಗೆದುಕೊಂಡು ಎಣಿಸಿ ನೋಡೋಣ.

ಬೀದರ: ಅಕ್ಷರ 3, ಸಂಕೇತ 4.
ಔರಾದ: ಅಕ್ಷರ 3, ಸಂಕೇತ 4.
ಭಾಲ್ಕಿ: ಅಕ್ಷರ 2, ಸಂಕೇತ 6.

ಕಣ್ಣಿಗೆ ಎಲ್ಲಕ್ಕಿಂತ ಚಿಕ್ಕದಾಗಿ ಕಾಣುವ ಭಾಲ್ಕಿಯೇ ಯಂತ್ರಕ್ಕೆ ಎಲ್ಲಕ್ಕಿಂತ ದೊಡ್ಡದು. ಒತ್ತಕ್ಷರವೂ ಗುಣಿತವೂ ಅದಕ್ಕೆ ಕಾರಣ. ಆದುದರಿಂದ ಅಕ್ಷರಗಳ ಸಂಖ್ಯೆಯನ್ನು ಎರಡರಿಂದಲೋ ಮೂರರಿಂದಲೋ ಗುಣಿಸಿದರೆ ಸರಿಹೋಗುವುದೆಂದು ಹೇಳುವಂತಿಲ್ಲ. ಪ್ರತಿಯೊಂದು ಹೆಸರಿಗೂ ಪ್ರಮಾಣ ಬೇರೆ.

ಈಗ ಹುಡುಗಿಯ ಹೆಸರಿಗೆ ಬರೋಣ. 'ಭಾಗ್ಯಶ್ರೀ' ಎಂಬಲ್ಲಿ ಅಕ್ಷರ 3, ಸಂಕೇತ 9. 'ಮಲ್ಲಿಕಾರ್ಜುನ' ಎಂಬಲ್ಲಿ ಅಕ್ಷರ 5, ಸಂಕೇತ 12. ನಡುವಿನ ಖಾಲಿ ಸ್ಥಳವೂ ಯಂತ್ರಕ್ಕೆ ಒಂದು ಸಂಕೇತವೇ. ಒಟ್ಟು 22. ಅಂಕಣದ ಅಳತೆ 20. ಕೊನೆಯ ಎರಡು ಸಂಕೇತಗಳು, ಅಂದರೆ ಉಕಾರದ ಚಿಹ್ನೆ ಮತ್ತು ನಕಾರ, ಹೊರಗೆ ಉಳಿದುವು. 'ಮಲ್ಲಿಕಾರ್ಜುನ' ಹೋಗಿ 'ಮಲ್ಲಿಕಾರ್ಜ' ಆಯಿತು. ಯಂತ್ರವು ಅಕ್ಷರವನ್ನು ಅರಿಯದು. ಎಣಿಸಿ ಕತ್ತರಿಸುವಾಗ ಅಕ್ಷರದ ಮಧ್ಯಕ್ಕೆ ಕತ್ತರಿ ಬಿದ್ದರೂ ಅದಕ್ಕೆ ತಿಳಿಯದು.

ಸಂಕೇತದ ಜೊತೆಗೆ ಬೈಟ್ ಎಂಬ ಇನ್ನೊಂದು ಎಣಿಕೆಯೂ ಉಂಟು, ಇವೆರಡನ್ನು ಬೆರೆಸಬಾರದು. ಸಂಕೇತವನ್ನು ಸ್ಮೃತಿಯಲ್ಲಿ ಬರೆದಿಡುವ ರೀತಿಗಳು ಬೇರೆ ಬೇರೆ. ಯುಟಿಎಫ್-16 ಎಂಬ ರೀತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ 2 ಬೈಟ್. ಯುಟಿಎಫ್-8 ಎಂಬ ರೀತಿಯಲ್ಲಿ ಕನ್ನಡಕ್ಕೂ ಮರಾಠಿಯ ದೇವನಾಗರಿಗೂ ಸಂಕೇತವೊಂದಕ್ಕೆ 3 ಬೈಟ್, ಉರ್ದು ಅಕ್ಷರಕ್ಕೆ 2, ಇಂಗ್ಲಿಷ್ ಅಕ್ಷರಕ್ಕೆ 1. ಭಾಲ್ಕಿ ಎಂದು ರೋಮನ್ ಲಿಪಿಯಲ್ಲಿ ಬರೆದರೆ ಆರು ಅಕ್ಷರ, ಆರು ಬೈಟ್. ಕನ್ನಡದಲ್ಲಿ ಬರೆದರೆ ಆರು ಸಂಕೇತ, ಹದಿನೆಂಟು ಬೈಟ್. ಆಕ್ಸೆಸ್ಸಿನಲ್ಲಿ ಅಂಕಣದ ಅಳತೆಯೆಂದರೆ ಸಂಕೇತಗಳ ಎಣಿಕೆ. ಕೆಲವು ದತ್ತಸಂಚಯಗಳಲ್ಲಿ ಅದು ಬೈಟುಗಳ ಎಣಿಕೆ. ಯಾವುದೆಂಬುದನ್ನು ಕೈಪಿಡಿಯಲ್ಲಿ ನೋಡಿಕೊಂಡೇ ಮುಂದುವರಿಯಬೇಕು.

ದೊಡ್ಡ ಚೀಲ, ಕಬ್ಬಿಣದ ಪೆಟ್ಟಿಗೆ

ಹಾಗಾದರೆ ಅಳತೆಯನ್ನು ಬೇಕಾದಷ್ಟು ದೊಡ್ಡದಾಗಿ ಕೊಟ್ಟರೆ ಸ್ಥಳವು ವ್ಯರ್ಥವಾಗುವುದಿಲ್ಲವೇ? ನಾನು 20 ಎಂದು ಬರೆದುದಕ್ಕೆ ಈ ಭಯವೇ ಕಾರಣ. ಮೊದಲು ಆ ಅಂಕಣದ ಅಳತೆ 255 ಆಗಿತ್ತು. ಹೆಸರುಗಳೆಲ್ಲ ಸರಿಯಾಗಿಯೇ ಇದ್ದುವು. ಇಷ್ಟು ದೊಡ್ಡ ಸ್ಥಳ ಏತಕ್ಕೆಂದು ಅದನ್ನು 20ಕ್ಕೆ ಇಳಿಸಿದೆ. ಕೆಲವು ದತ್ತಾಂಶಗಳು ನಷ್ಟವಾಗಬಹುದೆಂದು ಯಂತ್ರವು ಎಚ್ಚರಿಸಿತು. ಇಪ್ಪತ್ತು ಅಕ್ಷರದ ಹೆಸರು ಯಾರಿಗಿದೆ ಎಂದುಕೊಂಡು ಸಮ್ಮತಿಯನ್ನು ಒತ್ತಿದೆ. ಆ ಕ್ಷಣದಲ್ಲಿ ಉದ್ದವಾದ ಹೆಸರುಗಳೆಲ್ಲ ಕತ್ತರಿಸಿಹೋದುವು. ಮತ್ತೆ ಅಳತೆಯನ್ನು ಹೆಚ್ಚಿಸಿದರೂ ಹೋದ ಭಾಗವು ಮರಳಿ ಬರುವುದಿಲ್ಲ.

ಭಯಕ್ಕೆ ಆಧಾರವಿತ್ತೇ ಎಂದು ನೋಡೋಣ. ಕಬ್ಬಿಣದ ಪೆಟ್ಟಿಗೆಯು ತುಂಬಿದ್ದರೂ ಬರಿದಾಗಿದ್ದರೂ ಮನೆಯಲ್ಲಿ ಅಷ್ಟೇ ಜಾಗವನ್ನು ಹಿಡಿಯುವುದು. ಬಟ್ಟೆಯ ಕೈಚೀಲ ಹಾಗಲ್ಲ. ಎಷ್ಟು ತುಂಬಿದರೆ ಅಷ್ಟೇ ಉಬ್ಬುವುದು. ಡಿಬೇಸ್ ಕಾಲದ ಅಂಕಣವು ಪೆಟ್ಟಿಗೆ. ಇಂದಿನ ಪಠ್ಯದ ಅಂಕಣವು ಚೀಲ. 255 ಎಂಬುದು ಚೀಲವು ಹಿಡಿಯಬಲ್ಲ ಮಿತಿಯೇ ಹೊರತು ಅದು ಆಕ್ರಮಿಸುವ ಜಾಗವಲ್ಲ. ಆಕ್ಸೆಸ್ ನಾವು ಬರೆದಷ್ಟನ್ನೇ ಇಡುವುದು. ಉಳಿದುದನ್ನು ಖಾಲಿ ಗುರುತುಗಳಿಂದ ತುಂಬುವುದಿಲ್ಲ.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುವುದು. ಎರಡು ಸಾವಿರ ವಿದ್ಯಾರ್ಥಿಗಳಿರುವರೆಂದೂ ಒಂದೊಂದು ಹೆಸರೂ ಸರಾಸರಿ 20 ಸಂಕೇತಗಳಷ್ಟು ಇರುವುದೆಂದೂ ಭಾವಿಸೋಣ. ಸಂಕೇತಕ್ಕೆ 2 ಬೈಟಿನಂತೆ ಒಟ್ಟು 80,000 ಬೈಟ್. ಪೆಟ್ಟಿಗೆಯ ರೀತಿಯಲ್ಲಿ ಎಲ್ಲರಿಗೂ 60 ಸಂಕೇತಗಳ ಸ್ಥಳವನ್ನು ಕಟ್ಟಿಟ್ಟರೂ 2,40,000 ಬೈಟ್, ಅಂದರೆ ಕಾಲು ಮೆಗಾಬೈಟಿಗೂ ಕಡಿಮೆ. ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರವು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಸ್ಥಳವನ್ನು ತಿನ್ನುವುದು. ಆಕ್ಸೆಸ್ಸಿನ ಒಂದು ಕಡತವು 2 ಗಿಗಾಬೈಟಿನವರೆಗೂ ಬೆಳೆಯಬಲ್ಲುದು. ಹೆಸರನ್ನು ಕತ್ತರಿಸಿ ನಾವು ಉಳಿಸುವ ಸ್ಥಳವು ಏನೂ ಅಲ್ಲ.

ಹಾಗೆಂದು ಮಿತಿಯೇ ಇಲ್ಲವೆಂದಲ್ಲ. ಆಕ್ಸೆಸ್ಸಿನಲ್ಲಿ ಒಂದು ದಾಖಲೆಯು, ದೀರ್ಘ ಪಠ್ಯವನ್ನು ಬಿಟ್ಟು, 4,096 ಬೈಟುಗಳ ಒಂದು ಪುಟದೊಳಗೆ ಹಿಡಿಯಬೇಕು. ಇಂಗ್ಲಿಷ್ ಅಕ್ಷರಗಳನ್ನು ಅದು ಸಂಕೋಚಿಸಿ ಸುಮಾರು ಅರ್ಧ ಸ್ಥಳದಲ್ಲಿ ಇಡಬಲ್ಲುದು. ಕನ್ನಡಕ್ಕೆ ಆ ಸಂಕೋಚನ ಸಲ್ಲದು. ಆದುದರಿಂದ ಕನ್ನಡದ ಒಂದು ದಾಖಲೆಯಲ್ಲಿ ಎಲ್ಲ ಅಂಕಣಗಳೂ ಸೇರಿ ಸುಮಾರು ಎರಡು ಸಾವಿರ ಸಂಕೇತಗಳಿಗಷ್ಟೇ ಎಡೆ. 255ರ ಹತ್ತು ಅಂಕಣಗಳನ್ನು ಮಾಡಿ ಎಲ್ಲವನ್ನೂ ಕಂಠಮಟ್ಟ ತುಂಬಿದರೆ 2,550 ಸಂಕೇತಗಳಾಗಿ ದಾಖಲೆಯು ಒಳಗೆ ಹೋಗದು. ಹೆಸರು, ಊರುಗಳಲ್ಲಿ ಹೀಗಾಗುವುದು ವಿರಳ. ವಿಳಾಸ, ಷರಾ, ವಿವರಣೆಗಳನ್ನು ತುಂಬುವಾಗ ನೆನಪಿಡಬೇಕು.

ಮಿತಿಯು ಬೇಕಾದುದೆಲ್ಲಿ?

ದೊಡ್ಡ ಅಳತೆಗೆ ಖರ್ಚಿಲ್ಲವೆಂದಾದರೆ ಎಲ್ಲಕ್ಕೂ 255 ಎಂದು ಬರೆದು ಸುಮ್ಮನಾಗಬಹುದಲ್ಲ? ಆಗದು. ಅಳತೆಗೆ ಇನ್ನೊಂದು ಉಪಯೋಗವುಂಟು, ಅದು ಕಾವಲುಗಾರ. ಪಿನ್ ಕೋಡಿಗೆ ಆರೇ ಅಂಕಿ. ಅಳತೆಯನ್ನು 6 ಎಂದು ಕೊಟ್ಟರೆ ಕೈತಪ್ಪಿ ಏಳನೆಯದನ್ನು ಒತ್ತಿದವನನ್ನು ಯಂತ್ರವು ಅಲ್ಲಿಯೇ ತಡೆಯುವುದು. ಮೊಬೈಲಿಗೆ 10, ಆಧಾರಿಗೆ 12, ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತಕ್ಕೆ 11 ಹೀಗೆಯೇ. ಯಾರೋ ಒಬ್ಬರು ನಿಯಮ ಮಾಡಿ ಉದ್ದವನ್ನು ಗೊತ್ತುಪಡಿಸಿರುವ ಕಡೆಯಲ್ಲಿ ನಾವೂ ಅದೇ ಉದ್ದವನ್ನು ಕೊಡಬಹುದು, ಕೊಡಬೇಕು.

ಆದರೆ ಈ ಕಾವಲುಗಾರನಿಗೆ ಒಂದೇ ಕಣ್ಣು. ಉದ್ದವಾದುದನ್ನು ತಡೆಯುವನೇ ಹೊರತು ಗಿಡ್ಡವಾದುದನ್ನು ತಡೆಯನು. ಐದೇ ಅಂಕಿಗಳ ಪಿನ್ ಕೋಡ್ ಅವನ ಮುಂದೆಯೇ ಒಳಗೆ ಹೋಗುವುದು. ಆರೂ ಸ್ಥಾನ ತುಂಬಿರಬೇಕು, ಆರೂ ಅಂಕಿಗಳಾಗಿರಬೇಕು ಎಂಬ ನಿಯಮವನ್ನು ಬೇರೆಯಾಗಿ ಬರೆಯಬೇಕು. ಇಲ್ಲಿ ಕನ್ನಡಿಗರಿಗೆ ಇನ್ನೊಂದು ಎಚ್ಚರ. ೫೮೫೪೦೧ ಮತ್ತು 585401 ಓದುವವನಿಗೆ ಒಂದೇ; ಯಂತ್ರಕ್ಕೆ ಅವು ಸಂಬಂಧವೇ ಇಲ್ಲದ ಎರಡು ಪಠ್ಯಗಳು. ಯಾವ ಅಂಕಿಯಲ್ಲಿ ಬರೆಯಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮನುಷ್ಯನ ಹೆಸರಿಗಾದರೋ ಯಾರೂ ನಿಯಮ ಮಾಡಿಲ್ಲ. ತಂದೆಯ ಹೆಸರು, ಮನೆತನದ ಹೆಸರು ಸೇರಿ ಅದು ಎಷ್ಟು ಉದ್ದವಾದರೂ ಆಗಬಹುದು. ಅದಕ್ಕೆ ಬಿಗಿಯಾದ ಮಿತಿಯನ್ನು ಹಾಕಲು ನಮಗೆ ಅಧಿಕಾರವಿಲ್ಲ.

ದೀರ್ಘ ಪಠ್ಯ

ಆಕ್ಸೆಸ್ಸಿನಲ್ಲಿ ಪಠ್ಯಕ್ಕೆ ಎರಡು ಬಗೆ. 255 ಸಂಕೇತಗಳವರೆಗಿನದು 'ಷಾರ್ಟ್ ಟೆಕ್ಸ್ಟ್'. ಅದನ್ನು ಮೀರಿದ್ದು 'ಲಾಂಗ್ ಟೆಕ್ಸ್ಟ್'. 2013ರ ಆವೃತ್ತಿಗೆ ಮೊದಲು ಇವುಗಳ ಹೆಸರು ಟೆಕ್ಸ್ಟ್ ಮತ್ತು ಮೆಮೊ ಎಂದಿತ್ತು. ಹಣವಿಲ್ಲದೆ ದೊರೆಯುವ ಲಿಬ್ರೆ ಆಫೀಸ್ ಬೇಸ್ ಎಂಬುದರಲ್ಲಿ ಚೀಲದಂತಹ ಬಗೆಗೆ ವಾರ್‌ಚಾರ್ ಎಂದೂ ಪೆಟ್ಟಿಗೆಯಂತಹ ಬಗೆಗೆ ಚಾರ್ ಎಂದೂ ದೀರ್ಘ ಪಠ್ಯಕ್ಕೆ ಮೆಮೊ ಎಂದೂ ಹೆಸರು.

ದೀರ್ಘ ಪಠ್ಯದಲ್ಲಿ ಪುಟಗಟ್ಟಲೆ ಬರೆಯಬಹುದು. ಆದರೆ ಆಕ್ಸೆಸ್ ಅದನ್ನು ಕ್ರಮದಲ್ಲಿ ಜೋಡಿಸುವಾಗ ಮೊದಲ 255 ಸಂಕೇತಗಳನ್ನು ಮಾತ್ರ ನೋಡುವುದು. ಪ್ರಶ್ನೆಯೊಂದರಲ್ಲಿ ಅದರ ಮೇಲೆ ಗುಂಪು ಮಾಡಲು ಹೋದರೆ ಉತ್ತರದಲ್ಲಿ ಉಳಿದ ಭಾಗವು ಕತ್ತರಿಸಿಯೂ ಹೋಗುವುದು. ಆದುದರಿಂದ ಓದುವುದಕ್ಕೆ ಮಾತ್ರ ಇರುವ ವಿವರಣೆ, ಷರಾಗಳಿಗೆ ಇದು ಯೋಗ್ಯ. ಹುಡುಕಬೇಕಾದ, ಜೋಡಿಸಬೇಕಾದ ಹೆಸರು ಮತ್ತು ಶೀರ್ಷಿಕೆಗಳಿಗೆ ಅಯೋಗ್ಯ.

ಒಂದೇ ಊರು, ಹಲವು ಬರಹ

ಬೀದರದಲ್ಲಿ ಹಲವು ಲಿಪಿಗಳು ಜೊತೆಗಿರುವುದು ಇಂದಿನ ಸಂಗತಿಯಲ್ಲ. 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸದ ಗೋಡೆಯ ಹೆಂಚುಗಳಲ್ಲಿ ಅರಬ್ಬೀ ಬರಹವನ್ನು ಇಂದಿಗೂ ಕಾಣಬಹುದು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಕಥೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಇಂದಿಗೂ ಇಲ್ಲಿ ಕನ್ನಡ, ಮರಾಠಿ, ಉರ್ದು, ಹಿಂದಿ, ಇಂಗ್ಲಿಷ್ ಪುಸ್ತಕಗಳು ಒಂದೇ ಕಪಾಟಿನಲ್ಲಿರುವುದು ಸಾಮಾನ್ಯ. ಯೂನಿಕೋಡಿನ ಒಂದೇ ಅಂಕಣದಲ್ಲಿ ಇವೆಲ್ಲವನ್ನೂ ಇಡಬಹುದು. ಪುಸ್ತಕದ ಭಾಷೆ ಯಾವುದೆಂಬುದಕ್ಕೆ ಪ್ರತ್ಯೇಕ ಅಂಕಣವಿದ್ದರೆ ಸಾಕು.

ಊರಿನ ಹೆಸರಿನಲ್ಲಿ ಮಾತ್ರ ಬೇರೊಂದು ತೊಡಕು. ಒಬ್ಬನು ಬೀದರ ಎಂದೂ ಇನ್ನೊಬ್ಬನು ಬೀದರ್ ಎಂದೂ ಬರೆಯುವನು. ಮೊದಲನೆಯದು 4 ಸಂಕೇತ, ಎರಡನೆಯದು 5. ಔರಾದವನ್ನು ಔರಾದ, ಔರಾದ್, ಔರಾದ (ಬಿ) ಎಂದು ಮೂರು ಬಗೆಯಾಗಿ ಬರೆಯುವವರುಂಟು. ಬೀದರದ ವಿದ್ಯಾರ್ಥಿಗಳೆಷ್ಟು ಎಂದು ಯಂತ್ರವನ್ನು ಕೇಳಿದರೆ ಅದು ಒಂದು ಬರಹದವರನ್ನಷ್ಟೇ ಎಣಿಸಿ ಹೇಳುವುದು. ಉಳಿದವರು ಇದ್ದೂ ಇಲ್ಲದವರಾಗುವರು.

ಕಣ್ಣಿಗೆ ಕಾಣದ ಭೇದಗಳೂ ಉಂಟು. ಔರಾದ ತಾಲ್ಲೂಕಿನ ಸಂತಪೂರದ ಹೆಸರನ್ನು ಬರೆಯುವಾಗ ಅನುಸ್ವಾರಕ್ಕೆ ಬದಲಾಗಿ ಕನ್ನಡದ ಸೊನ್ನೆಯ ಅಂಕಿಯನ್ನು ಒತ್ತಿದರೆ 'ಸ೦ತಪೂರ' ಎಂದಾಗುವುದು. ನೋಟಕ್ಕೆ ಅದೇ, ಸಂಕೇತ ಬೇರೆ. ಮುಧೋಳ ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಮೊದಲ ರೀತಿಯಲ್ಲಿ ಹೆಸರು 5 ಸಂಕೇತ, ಎರಡನೆಯ ರೀತಿಯಲ್ಲಿ 7. ಬೀದರ್‌ನಲ್ಲಿ ಎಂದು ಬರೆಯುವಾಗ ಒತ್ತಕ್ಷರವಾಗದಂತೆ ನಡುವೆ ಒಂದು ಅದೃಶ್ಯ ಗುರುತನ್ನು ಸೇರಿಸುವರು. ಅದೂ ಒಂದು ಸ್ಥಾನವನ್ನು ಹಿಡಿಯುವುದು. ಯೂನಿಕೋಡಿಗಿಂತ ಹಿಂದಿನ ನುಡಿ, ಬರಹಗಳ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಪಟ್ಟಿಗಳಂತೂ ಯಂತ್ರದೊಳಗೆ ಅರ್ಥವಿಲ್ಲದ ರೋಮನ್ ಗುರುತುಗಳ ಸಾಲಾಗಿರುವುವು. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸದೆ ಅಂಕಣಕ್ಕೆ ತುಂಬಬಾರದು.

ಇದಕ್ಕೆ ಪರಿಹಾರವು ಅಳತೆಯಲ್ಲಿಲ್ಲ, ಕೋಷ್ಟಕದ ರಚನೆಯಲ್ಲಿದೆ. ಬೀದರ, ಭಾಲ್ಕಿ, ಔರಾದ, ಬಸವಕಲ್ಯಾಣ, ಹುಮನಾಬಾದ, ಚಿಟಗುಪ್ಪ, ಹುಲಸೂರು, ಕಮಲನಗರ ಎಂದು ಜಿಲ್ಲೆಯ ಎಂಟು ತಾಲ್ಲೂಕುಗಳನ್ನು ಬೇರೊಂದು ಚಿಕ್ಕ ಕೋಷ್ಟಕದಲ್ಲಿ ಒಂದೊಂದೇ ಸಲ, ತಪ್ಪಿಲ್ಲದೆ ಬರೆದು, ಒಂದೊಂದಕ್ಕೂ ಗುರುತಿನ ಸಂಖ್ಯೆ ಕೊಡಬೇಕು. ವಿದ್ಯಾರ್ಥಿಯ ದಾಖಲೆಯಲ್ಲಿ ಹೆಸರನ್ನು ಟೈಪು ಮಾಡುವ ಬದಲು ಪಟ್ಟಿಯಿಂದ ಆರಿಸಬೇಕು. ಆಗ ಔರಾದವು ಎಲ್ಲೆಲ್ಲಿಯೂ ಒಂದೇ ಔರಾದವಾಗಿರುವುದು.

ಒಂದು ಮಾದರಿ

ಕಾಲೇಜಿನ ವಿದ್ಯಾರ್ಥಿಗಳ ಪಟ್ಟಿಗೆ ಈ ವಿಚಾರಗಳನ್ನು ಅನ್ವಯಿಸಿದರೆ ಅಂಕಣಗಳು ಹೀಗಾಗುವುವು.

ಪ್ರವೇಶ ಸಂಖ್ಯೆ: ಪಠ್ಯ, ನಿಯಮದಲ್ಲಿರುವಷ್ಟೇ ಉದ್ದ.
ವಿದ್ಯಾರ್ಥಿಯ ಹೆಸರು: ಪಠ್ಯ, 100.
ತಂದೆಯ ಹೆಸರು, ತಾಯಿಯ ಹೆಸರು: ಪಠ್ಯ, ತಲಾ 100.
ಹುಟ್ಟಿದ ದಿನ: ದಿನಾಂಕ.
ಊರು: ಪಠ್ಯ, 60.
ತಾಲ್ಲೂಕು: ತಾಲ್ಲೂಕು ಕೋಷ್ಟಕದ ಗುರುತಿನ ಸಂಖ್ಯೆ.
ಪಿನ್ ಕೋಡ್: ಪಠ್ಯ, 6.
ಮೊಬೈಲ್: ಪಠ್ಯ, 10.
ಕಟ್ಟಿದ ಶುಲ್ಕ: ಹಣದ ಬಗೆ.
ಷರಾ: ದೀರ್ಘ ಪಠ್ಯ.

100 ಎಂಬುದು ಎಲ್ಲಿಂದ ಬಂದಿತು? ಹಳೆಯ ದಾಖಲಾತಿ ಪುಸ್ತಕದಿಂದ ಅತಿ ಉದ್ದವಾಗಿ ಕಾಣುವ ಇಪ್ಪತ್ತು ಮೂವತ್ತು ಹೆಸರುಗಳನ್ನು ಆರಿಸಿ, ಒತ್ತಕ್ಷರಗಳು ಹೆಚ್ಚಾಗಿರುವುವನ್ನು ಬಿಡದೆ, ಯಂತ್ರದಿಂದಲೇ ಎಣಿಸಬೇಕು. ಆಕ್ಸೆಸ್ಸಿನಲ್ಲಿ ಇದಕ್ಕಾಗಿ 'ಲೆನ್' ಎಂಬ ಸೂತ್ರವಿದೆ. ಬಂದ ಗರಿಷ್ಠ ಸಂಖ್ಯೆಯನ್ನು ಇಮ್ಮಡಿ ಮಾಡಿ, ಮೇಲಿನ ದುಂಡು ಸಂಖ್ಯೆಗೆ ಏರಿಸಿದರೆ ನಿರ್ಭಯವಾಗಿರಬಹುದು. ಮುದ್ರಿಸುವ ಪತ್ರದಲ್ಲಿಯೂ ಅಷ್ಟು ಉದ್ದದ ಹೆಸರು ಹಿಡಿಯುವುದೇ ಎಂದು ಒಮ್ಮೆ ಪರೀಕ್ಷಿಸಬೇಕು. ದತ್ತಾಂಶವು ತುಂಬಿದ ಮೇಲೆ ಅಳತೆಯನ್ನು ಹೆಚ್ಚಿಸುವುದರಿಂದ ಹಾನಿಯಿಲ್ಲ. ಇಳಿಸುವ ಮೊದಲು ಕಡತದ ಪ್ರತಿಯೊಂದನ್ನು ತೆಗೆದಿಟ್ಟುಕೊಂಡು, 'ಲೆನ್' ಸೂತ್ರದಿಂದ ಹೊಸ ಅಳತೆಯನ್ನು ಮೀರುವ ದಾಖಲೆಗಳು ಎಷ್ಟಿವೆ ಎಂದು ನೋಡಬೇಕು. ಒಂದೇ ಒಂದು ಇದ್ದರೂ ಕೈ ಹಿಂತೆಗೆಯಬೇಕು.

ನನ್ನ ಪಟ್ಟಿಯಲ್ಲಿ ಕತ್ತರಿಸಿಹೋದ ಹೆಸರುಗಳನ್ನು ಕಾಗದದ ದಾಖಲಾತಿ ಪುಸ್ತಕದಿಂದ ಒಂದೊಂದಾಗಿ ಮತ್ತೆ ಬರೆಯಬೇಕಾಯಿತು. ಆ ಪುಸ್ತಕವು ಇಲ್ಲದಿದ್ದರೆ ಅದೂ ಸಾಧ್ಯವಾಗುತ್ತಿರಲಿಲ್ಲ. ಹುಡುಗಿಗೆ ಹೊಸ ಪ್ರಮಾಣಪತ್ರವನ್ನು ಕೊಟ್ಟೆವು. ಅವಳು ತಂದೆಯ ಹೆಸರಿನ ಕೊನೆಯ ಅಕ್ಷರದವರೆಗೂ ಬೆರಳಿಟ್ಟು ಓದಿ ನೋಡಿದ ಮೇಲೆಯೇ ಅದನ್ನು ಮಡಿಸಿಟ್ಟುಕೊಂಡಳು.

ಅಭ್ಯಾಸ

1. 'ಚನ್ನಬಸವ ಪಟ್ಟದ್ದೇವರು' ಎಂಬುದರಲ್ಲಿ ಅಕ್ಷರಗಳೆಷ್ಟು, ಸಂಕೇತಗಳೆಷ್ಟು? ಅಂಕಣದ ಅಳತೆ 14 ಆಗಿದ್ದರೆ ಉಳಿಯುವ ಭಾಗ ಯಾವುದು?
2. ನಿಮ್ಮ ಮತ್ತು ನಿಮ್ಮ ತಂದೆಯ ಹೆಸರನ್ನು ಸೇರಿಸಿ ಬರೆದು ಸಂಕೇತಗಳನ್ನು ಎಣಿಸಿರಿ. ಅದು 20ರೊಳಗೆ ಹಿಡಿಯುವುದೇ?
3. ಮನೆಯ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆ, ಮಳೆಯ ಪ್ರಮಾಣ, ತರಗತಿಯ ಕ್ರಮಸಂಖ್ಯೆ: ಇವುಗಳಲ್ಲಿ ಯಾವುವು ಪಠ್ಯ, ಯಾವುವು ಸಂಖ್ಯೆ? ಕಾರಣ ಕೊಡಿರಿ.

ಮೊದಲನೆಯದರ ಉತ್ತರ: ಅಕ್ಷರ 10, ನಡುವಿನ ಖಾಲಿ ಸ್ಥಳವೂ ಸೇರಿ ಸಂಕೇತ 19, ಉಳಿಯುವುದು 'ಚನ್ನಬಸವ ಪಟ್ಟದ್'.